ಕಾದು ಕಾದು ಬಂದ ಆಲ್ಬಮ್ ಕೈಕೊಟ್ಟಾಗ

ನಮಸ್ಕಾರ. ಇದು ಸಭೆಯಲ್ಲಿ ಮಾತಾಡಿದ್ದರ ಬರಹ ರೂಪ. ಮಾತಿನ ಭರದಲ್ಲಿ ಅರ್ಧಕ್ಕೆ ನಿಂತ ವಾಕ್ಯಗಳನ್ನು ಪೂರ್ತಿ ಮಾಡಿದ್ದೇನೆ, ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ, ಅಷ್ಟೇ.

ನಾವು ತುಂಬ ಇಷ್ಟಪಡುವ ಬ್ಯಾಂಡ್ ವರ್ಷಗಟ್ಟಲೆ ಕಾಯಿಸಿ ಹೊಸ ಸ್ಟುಡಿಯೋ ಆಲ್ಬಮ್ ತರುತ್ತದೆ. ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು ಕೂತು ಕೇಳುತ್ತೇವೆ. ಮೊದಲ ಹಾಡು ಹಿಡಿಸಲಿಲ್ಲ, ಇರಲಿ, ಮುಂದಿನದು ಚೆನ್ನಾಗಿರಬಹುದು. ಅದೂ ಹಿಡಿಸಲಿಲ್ಲ. ಐದನೇ ಹಾಡಿನ ಹೊತ್ತಿಗೆ ಮನಸ್ಸು ಕುಗ್ಗಲು ಶುರುವಾಗುತ್ತದೆ, ಆದರೂ ಒಪ್ಪಿಕೊಳ್ಳಲು ಮನಸ್ಸಿಲ್ಲ. ಕೊನೆಯ ಹಾಡು ಮುಗಿದಾಗ ಯಾರ ಮೇಲೆ ಅಂತ ಗೊತ್ತಿಲ್ಲದ ಒಂದು ಸಿಟ್ಟು. ಇಲ್ಲಿ ಕೂತಿರುವ ಹೆಚ್ಚಿನವರಿಗೆ ಇದು ಗೊತ್ತು, ಅಲ್ವಾ?

ಹೊರಗಿನಿಂದ ನೋಡುವವರಿಗೆ ಇದೊಂದು ಸಣ್ಣ ಸಂಗತಿ. ಇಷ್ಟವಿಲ್ಲದಿದ್ದರೆ ಕೇಳಬೇಡ, ಹಳೆಯ ಹಾಡು ಇದೆಯಲ್ಲ ಅನ್ನುತ್ತಾರೆ. ನನಗೆ ಇದು ಸಣ್ಣದು ಅನ್ನಿಸುವುದಿಲ್ಲ. ಒಂದು ಬ್ಯಾಂಡನ್ನು ಹಚ್ಚಿಕೊಂಡವರಿಗೆ ಅದರ ಹಾಡುಗಳ ಮೂಲೆ ಮೂಲೆಯೂ ಪರಿಚಯ. ಎರಡನೇ ಚರಣ ಮುಗಿದ ಮೇಲೆ ಡ್ರಮ್ಸ್ ಎಲ್ಲಿ ಅರೆಕ್ಷಣ ನಿಲ್ಲುತ್ತದೆ, ಗಾಯಕ ಎಲ್ಲಿ ಉಸಿರು ಎಳೆದುಕೊಳ್ಳುತ್ತಾನೆ, ಬೇಸ್ ಗಿಟಾರ್ ಎಲ್ಲಿ ದಾರಿ ಬದಲಿಸುತ್ತದೆ, ಎಲ್ಲವೂ ಬಾಯಿಪಾಠ. ಪತ್ರಿಕೆಗೆ ಬರೆಯುವ ವಿಮರ್ಶಕರಿಗೆ ಅಷ್ಟು ಹೊತ್ತು ಇರುವುದಿಲ್ಲ, ಅವರ ಮೇಜಿನ ಮೇಲೆ ಮುಂದಿನ ಆಲ್ಬಮ್ ಕಾಯುತ್ತಿರುತ್ತದೆ. ಹಾಗಾಗಿ ಒಂದು ಬ್ಯಾಂಡಿನ ಹಾಡುಗಳನ್ನು ಅತಿ ಹೆಚ್ಚು ಗಮನ ಕೊಟ್ಟು ಕೇಳುವವರು ಅಭಿಮಾನಿಗಳೇ. ಅವರಿಗೆ ಬೇಸರವಾದರೆ ಅದಕ್ಕೆ ಬೆಲೆ ಇದೆ. ನನ್ನ ಮಾತೆಲ್ಲ ಇಷ್ಟೇ: ಆ ಬೇಸರವನ್ನು ಬೈಗುಳದಲ್ಲಿ ಕಳೆದುಬಿಡಬೇಡಿ, ನುಂಗಿಕೊಂಡೂ ಕೂರಬೇಡಿ. ಎಲ್ಲಿ ಕೈಕೊಟ್ಟಿತು ಅನ್ನುವುದನ್ನು ಬೆರಳಿಟ್ಟು ತೋರಿಸಿ.

ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅಭಿಮಾನಿಗಳ ನಿರಾಸೆಯ ಮಾತು ಬಂದಾಗಲೆಲ್ಲ ಅವರ ‘ಸೇಂಟ್ ಆಂಗರ್’ ಆಲ್ಬಮ್‌ನ ಹೆಸರು ಬಂದೇ ಬರುತ್ತದೆ. 2003ರ ಜೂನ್‌ನಲ್ಲಿ ಅದು ಬಂದಾಗ, ಹೊಸ ಹಾಡುಗಳ ಹಿಂದಿನ ಆಲ್ಬಮ್ ಬಂದು ಐದು ವರ್ಷ ದಾಟಿತ್ತು. ಈ ನಡುವೆ ಬ್ಯಾಂಡ್ ಒಡೆದು ಹೋಗುವ ಹಂತಕ್ಕೆ ಬಂದಿತ್ತು. 2001ರ ಜನವರಿಯಲ್ಲಿ ಬೇಸ್ ನುಡಿಸುತ್ತಿದ್ದ ಜೇಸನ್ ನ್ಯೂಸ್ಟೆಡ್ ಬಿಟ್ಟು ಹೋದರು. ಅದೇ ವರ್ಷ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಕುಡಿತ ಬಿಡಲು ಚಿಕಿತ್ಸೆಗೆ ಸೇರಿದರು, ರೆಕಾರ್ಡಿಂಗ್ ತಿಂಗಳುಗಟ್ಟಲೆ ನಿಂತುಹೋಯಿತು. ಕೊನೆಗೆ ಆಲ್ಬಮ್‌ನಲ್ಲಿ ಬೇಸ್ ನುಡಿಸಿದ್ದು ರೆಕಾರ್ಡಿಂಗ್‌ನ ಉಸ್ತುವಾರಿ ನೋಡುತ್ತಿದ್ದ ಪ್ರೊಡ್ಯೂಸರ್ ಬಾಬ್ ರಾಕ್. ಇಷ್ಟೆಲ್ಲ ಆಗಿ ಬಂದ ಆಲ್ಬಮ್ ಅದು.

ಜನ ತಕರಾರು ಎತ್ತಿದ್ದು ಮುಖ್ಯವಾಗಿ ಎರಡು ವಿಷಯಕ್ಕೆ. ಒಂದು, ಸ್ನೇರ್ ಡ್ರಮ್. ಡ್ರಮ್ಮರ್‌ನ ಮುಂದೆ, ಮೊಣಕಾಲುಗಳ ನಡುವೆ ಇರುತ್ತದಲ್ಲ, ಆ ಚಿಕ್ಕ ಡ್ರಮ್. ಅದರ ಕೆಳಗಿನ ಹೊದಿಕೆಗೆ ತಾಗಿಕೊಂಡು ಸಣ್ಣ ಲೋಹದ ತಂತಿಗಳ ಸಾಲು ಇರುತ್ತದೆ. ಮೇಲೆ ಕೋಲು ಬಿದ್ದಾಗ ಕೆಳಗೆ ತಂತಿಗಳು ಅದುರಿ ‘ಚಟ್’ ಅನ್ನುವ ಒಣ ಸದ್ದು ಬರುತ್ತದೆ. ರಾಕ್ ಸಂಗೀತದ ಬೆನ್ನೆಲುಬೇ ಆ ಸದ್ದು. ತಂತಿಗಳನ್ನು ಸಡಿಲ ಬಿಟ್ಟರೆ ಆ ‘ಚಟ್’ ಹೋಗಿ, ಖಾಲಿ ಡಬ್ಬಕ್ಕೆ ಹೊಡೆದ ಹಾಗೆ ‘ಠಣ್’ ಅನ್ನುತ್ತದೆ, ಅದರ ಗುಂಯ್ ಬೇಗ ಆರುವುದೂ ಇಲ್ಲ. ಬ್ಯಾಂಡಿನ ಡ್ರಮ್ಮರ್ ಲಾರ್ಸ್ ಉಲ್ರಿಚ್ ಹಾಗೆ ಸಡಿಲ ಬಿಟ್ಟೇ ರೆಕಾರ್ಡ್ ಮಾಡಿದರು. ಎರಡನೆಯದು, ಕರ್ಕ್ ಹ್ಯಾಮೆಟ್ ಅವರಂಥ ಗಿಟಾರ್ ವಾದಕ ಇದ್ದೂ ಆಲ್ಬಮ್‌ನಲ್ಲಿ ಒಂದೇ ಒಂದು ಗಿಟಾರ್ ಸೋಲೋ, ಅಂದರೆ ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗ, ಇಲ್ಲ. 11 ಹಾಡು, 75 ನಿಮಿಷ, ಪೂರ್ತಿ ಹೀಗೆ.

ಆಲ್ಬಮ್ ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೇ ಹೋಯಿತು. ಇದನ್ನು ಹಿಡಿದು ‘ಜನಕ್ಕೆ ಇಷ್ಟವಾಗದಿದ್ದರೆ ಮಾರಾಟ ಹೇಗಾಯಿತು’ ಅಂತ ವಾದಿಸುವವರಿದ್ದಾರೆ. ಮೊದಲ ವಾರದ ಮಾರಾಟ ಹಿಂದಿನ ಆಲ್ಬಮ್‌ಗಳ ಮೇಲಿನ ಪ್ರೀತಿಗೆ ಸಿಕ್ಕಿದ್ದು. ಕೊಳ್ಳುವಾಗ ಇನ್ನೂ ಯಾರೂ ಪೂರ್ತಿ ಕೇಳಿರುವುದೇ ಇಲ್ಲವಲ್ಲ.

ನನ್ನ ಅಭಿಪ್ರಾಯ ಹೇಳಬೇಕೆಂದರೆ, ಆ ಸ್ನೇರ್ ಸದ್ದು ಅಷ್ಟು ದೊಡ್ಡ ಅಪರಾಧವಲ್ಲ. ಮೊದಲ ಒಂದೆರಡು ಹಾಡಿನಲ್ಲಿ ಅದು ಹಾಡಿನ ಸಿಟ್ಟಿಗೆ ಹೊಂದುತ್ತದೆ ಕೂಡ. ನಿಜವಾದ ತೊಂದರೆ ಇರುವುದು ಉದ್ದದಲ್ಲಿ. ಒಂದೇ ರಿಫ್, ಅಂದರೆ ಗಿಟಾರ್‌ನ ಒಂದು ಚಿಕ್ಕ ಸ್ವರಗುಚ್ಛ, ತಿರುಗಿ ತಿರುಗಿ ಬರುತ್ತದೆ, ಸೋಲೋ ಇಲ್ಲದ ಕಾರಣ ನಡುವೆ ಉಸಿರಾಡಲು ಜಾಗವಿಲ್ಲ, ಎಂಟು ನಿಮಿಷದ ಹಾಡಿಗೆ ಐದು ನಿಮಿಷದ ಸರಕು. ಯಾರಾದರೂ ಕತ್ತರಿ ಹಿಡಿಯಬೇಕಿತ್ತು. ಆದರೆ ಅಷ್ಟು ಕಷ್ಟಪಟ್ಟು ಮತ್ತೆ ಒಂದಾದ ಗುಂಪಿನಲ್ಲಿ ‘ಇದು ಬೇಡ’ ಅಂತ ಹೇಳುವುದು ಯಾರಿಗೂ ಸುಲಭವಲ್ಲ. ಅದು ನನಗೆ ಅರ್ಥವಾಗುತ್ತದೆ, ಅವರ ಮೇಲೆ ಮರುಕವೂ ಇದೆ. ಹಾಗಂತ ಹಾಡು ಚಿಕ್ಕದಾಗುವುದಿಲ್ಲ.

ಈಗ ಅದೇ ಬ್ಯಾಂಡಿನ ಮುಂದಿನ ಆಲ್ಬಮ್‌ಗೆ ಬರೋಣ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಅಭಿಮಾನಿಗಳ ಕಿವಿ ಎಷ್ಟು ಸೂಕ್ಷ್ಮ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಗೊತ್ತಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ‘ಡೆತ್ ಮ್ಯಾಗ್ನೆಟಿಕ್’ ಬಂತು. ಪ್ರೊಡ್ಯೂಸರ್ ಬದಲಾಗಿ ರಿಕ್ ರೂಬಿನ್ ಬಂದಿದ್ದರು. ಸೋಲೋಗಳು ವಾಪಸ್, ಹಳೆಯ ವೇಗ ವಾಪಸ್, ಎಲ್ಲರೂ ಬಯಸಿದ್ದೇ ಸಿಕ್ಕಿತ್ತು. ಆದರೂ ಕೇಳುತ್ತಾ ಹೋದರೆ ಕಿವಿ ದಣಿಯುತ್ತದೆ. ಡ್ರಮ್ಸ್ ಹೊಡೆದಲ್ಲೆಲ್ಲ ಒಂದು ಕರಕರ. ಹಾಡು ಚೆನ್ನಾಗಿದೆ, ಕೇಳಲಿಕ್ಕೆ ಆಗುವುದಿಲ್ಲ. ಇದೇನು ವಿಚಿತ್ರ?

ಕಾರಣ ಇಷ್ಟು. ಡಿಜಿಟಲ್ ರೆಕಾರ್ಡಿಂಗ್‌ನಲ್ಲಿ ಸದ್ದಿಗೆ ಒಂದು ಮೇಲ್ಮಿತಿ ಇರುತ್ತದೆ, ಅದರ ಮೇಲೆ ಹೋಗಲು ಆಗುವುದಿಲ್ಲ. ಬೇರೆ ಹಾಡುಗಳಿಗಿಂತ ನಮ್ಮ ಹಾಡು ಜೋರಾಗಿ ಕೇಳಿಸಬೇಕು ಅಂತ ಹಟಕ್ಕೆ ಬಿದ್ದರೆ ಒಂದೇ ದಾರಿ: ಡ್ರಮ್ಸ್‌ನ ಹೊಡೆತದಂಥ ಏರು ಸದ್ದುಗಳ ತಲೆಯನ್ನು ಒತ್ತಿ ಚಪ್ಪಟೆ ಮಾಡಿ, ಉಳಿದ ಎಲ್ಲವನ್ನೂ ಮೇಲಕ್ಕೆ ಎತ್ತುವುದು. ಮೆಲ್ಲಗಿನದಕ್ಕೂ ಜೋರಿನದಕ್ಕೂ ಇದ್ದ ಅಂತರ ಹೋಗುತ್ತದೆ. ಅಂತರ ಹೋದರೆ ಹೊಡೆತಕ್ಕೆ ಪೆಟ್ಟೇ ಇರುವುದಿಲ್ಲ. ಇನ್ನೂ ಒತ್ತಿದರೆ ಸದ್ದು ಒಡೆದು ಕರಕರ ಅನ್ನುತ್ತದೆ. 1990ರ ದಶಕದಿಂದ ರೆಕಾರ್ಡ್ ಕಂಪನಿಗಳು, ಬ್ಯಾಂಡ್‌ಗಳು ಈ ಜೋರಿನ ಪೈಪೋಟಿಗೆ ಬಿದ್ದಿದ್ದವು. ಧ್ವನಿ ಎಂಜಿನಿಯರ್‌ಗಳು ತಮ್ಮೊಳಗೆ ಬಹಳ ದಿನದಿಂದ ದೂರುತ್ತಿದ್ದರು, ಹೊರಗಿನವರು ತಲೆ ಕೆಡಿಸಿಕೊಂಡಿರಲಿಲ್ಲ.

‘ಡೆತ್ ಮ್ಯಾಗ್ನೆಟಿಕ್’ ಬಂದಾಗ ಅದರ ಹಾಡುಗಳು ‘ಗಿಟಾರ್ ಹೀರೋ’ ಎಂಬ ವಿಡಿಯೋ ಗೇಮ್‌ನಲ್ಲೂ ಬಂದವು. ಗೇಮ್‌ಗೆ ಗಿಟಾರ್, ಬೇಸ್, ಡ್ರಮ್ಸ್ ಬೇರೆ ಬೇರೆಯಾಗಿ ಬೇಕು, ಹಾಗಾಗಿ ಅಲ್ಲಿ ಇದ್ದದ್ದು ಹೀಗೆ ಒತ್ತಿ ಹಿಂಡದ ರೆಕಾರ್ಡಿಂಗ್. ಆಡುತ್ತಿದ್ದ ಅಭಿಮಾನಿಗಳಿಗೆ ತಕ್ಷಣ ಗೊತ್ತಾಯಿತು, ಅರೆ, ಗೇಮ್‌ನಲ್ಲಿ ಕೇಳುವುದೇ ಚೆನ್ನಾಗಿದೆ! ಅವರು ಅಲ್ಲಿಗೇ ಬಿಡಲಿಲ್ಲ. ಎರಡೂ ರೂಪಗಳ ಧ್ವನಿ ಅಲೆಯ ಚಿತ್ರ ತೆಗೆದು ಪಕ್ಕಪಕ್ಕ ಇಟ್ಟು ತೋರಿಸಿದರು. ಗೇಮ್‌ನದು ಏರಿಳಿತಗಳಿರುವ ಅಲೆ, ಸಿಡಿಯದು ಇಟ್ಟಿಗೆಯಂಥ ಗಟ್ಟಿ ಪಟ್ಟಿ. ಆಲ್ಬಮ್ಮನ್ನು ಮತ್ತೆ ಮಿಕ್ಸ್ ಮಾಡಿ, ಅಂದರೆ ವಾದ್ಯಗಳ ಸದ್ದನ್ನು ಹೊಸದಾಗಿ ಹದವಾಗಿ ಬೆರೆಸಿ ಕೊಡಿ ಅಂತ ಹತ್ತು ಸಾವಿರಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ಮಾಸ್ಟರಿಂಗ್, ಅಂದರೆ ಮಿಕ್ಸ್ ಆದ ಮೇಲಿನ ಕೊನೆಯ ಹದ, ಮಾಡಿದ್ದ ಟೆಡ್ ಜೆನ್ಸನ್, ತನ್ನ ಕೈಗೆ ಬರುವ ಮೊದಲೇ ಮಿಕ್ಸ್ ಹಾಗೆ ಇತ್ತು ಅಂತ ಒಬ್ಬ ಅಭಿಮಾನಿಗೆ ಉತ್ತರ ಕೊಟ್ಟಿದ್ದು ಹೊರಗೆ ಬಂತು. ದೊಡ್ಡ ಪತ್ರಿಕೆಗಳೂ ಬರೆದವು. ಮನವಿಗೆ ಬ್ಯಾಂಡ್ ಆಗ ಒಪ್ಪಲಿಲ್ಲ. ಆದರೆ ಎಂಜಿನಿಯರ್‌ಗಳ ಗೊಣಗಾಟವಾಗಿದ್ದ ಒಂದು ವಿಷಯ ಎಲ್ಲರ ಮಾತಾಯಿತು.

ಗಮನಿಸಿ, ಈ ಅಭಿಮಾನಿಗಳು ‘ಮೆಟಾಲಿಕಾ ಸತ್ತುಹೋಯಿತು’ ಅನ್ನುವಷ್ಟಕ್ಕೇ ನಿಲ್ಲಲಿಲ್ಲ. ಅಷ್ಟೇ ಅಂದು ಸುಮ್ಮನಾದವರೂ ಇದ್ದರು, ಅವರ ಮಾತು ಯಾರಿಗೂ ನೆನಪಿಲ್ಲ. ನೆನಪಿರುವುದು ಎರಡು ಅಲೆಯ ಚಿತ್ರ ಪಕ್ಕಪಕ್ಕ ಇಟ್ಟವರ ಕೆಲಸ.

ಎಲ್ಲ ನಿರಾಸೆಗೂ ಇಂಥ ಗಟ್ಟಿ ಕಾರಣ ಸಿಗುವುದಿಲ್ಲ, ನಿಜ. ಆದರೆ ಹುಡುಕಿದರೆ ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಸಿಗುತ್ತದೆ. ಬ್ರಿಟನ್ನಿನ ಒಯಾಸಿಸ್ ಬ್ಯಾಂಡಿನ ‘ಬಿ ಹಿಯರ್ ನೌ’ ಆಲ್ಬಮ್ ತಗೊಳ್ಳಿ. 1997ರ ಆಗಸ್ಟ್ 21ರಂದು ಬಂತು, ಬ್ರಿಟನ್ನಿನಲ್ಲಿ ಮೊದಲ ದಿನವೇ ಮೂರೂವರೆ ಲಕ್ಷಕ್ಕೂ ಹೆಚ್ಚು ಮಾರಾಟ. ಅಲ್ಲಿನ ಪತ್ರಿಕೆಗಳು ಹಾಡಿ ಹೊಗಳಿದವು. ಅದಕ್ಕೊಂದು ಹಿನ್ನೆಲೆ ಇದೆ, 1995ರಲ್ಲಿ ಅವರ ಹಿಂದಿನ ಆಲ್ಬಮ್ ಬಂದಾಗ ಇದೇ ಪತ್ರಿಕೆಗಳು ಅಷ್ಟಕ್ಕಷ್ಟೇ ಅಂದಿದ್ದವು, ಅದು ದೇಶವೇ ಹಾಡುವಂತಾಯಿತು. ಈ ಸಲ ಹಿಂದೆ ಬೀಳಬಾರದು ಅಂತ ಹೊಗಳಿಕೆಗೆ ಮುಂದಾದರು. ಕೆಲವೇ ತಿಂಗಳಲ್ಲಿ ಗಾಳಿ ತಿರುಗಿತು. ಒಂದರ ಮೇಲೊಂದು ಹೇರಿದ ಗಿಟಾರ್ ಪದರಗಳು, ಮುಗಿಯಿತು ಅಂದರೂ ಮುಗಿಯದ ಹಾಡುಗಳು, ಒಟ್ಟು 71 ನಿಮಿಷ. ಬರೆದ ನೋಯೆಲ್ ಗ್ಯಾಲಗರ್ ಅವರೇ ಆಮೇಲೆ ಅದನ್ನು ದೂರ ಮಾಡಿದರು. 2006ರಲ್ಲಿ ಬ್ಯಾಂಡ್ ತನ್ನ ಆಯ್ದ ಹಾಡುಗಳ ಸಂಕಲನ ತಂದಾಗ ಈ ಆಲ್ಬಮ್‌ನಿಂದ ಒಂದೂ ಹಾಡು ಇರಲಿಲ್ಲ. 2016ರಲ್ಲಿ ಮರುಬಿಡುಗಡೆಯ ಹೊತ್ತಿಗೆ ನೋಯೆಲ್ ಒಂದು ಹಾಡನ್ನು ಮತ್ತೆ ಮಿಕ್ಸ್ ಮಾಡಿಕೊಟ್ಟರು, ಅಷ್ಟಕ್ಕೇ ನಿಂತಿತು.

ಈ ಉದ್ದದ ರೋಗಕ್ಕೆ ಅರ್ಧ ಕಾರಣ ಸಿಡಿ ಅಂತ ನನ್ನ ಗಟ್ಟಿ ನಂಬಿಕೆ. ಎಲ್‌ಪಿ, ಅಂದರೆ ಎರಡು ಬದಿಯ ದೊಡ್ಡ ಗ್ರಾಮಫೋನ್ ತಟ್ಟೆಯ ಕಾಲದಲ್ಲಿ ಒಂದು ಬದಿಗೆ 22 ನಿಮಿಷದ ಆಸುಪಾಸು, ಅದಕ್ಕಿಂತ ಜಾಸ್ತಿ ತುಂಬಿದರೆ ಸದ್ದು ಸೊರಗುತ್ತಿತ್ತು. ಎರಡು ಬದಿ ಸೇರಿ 40–45 ನಿಮಿಷ. ಹದಿನೈದು ಹಾಡು ಇದ್ದರೆ ಐದನ್ನು ಬಿಡಲೇಬೇಕು, ಯಾವುದು ಬಿಡುವುದು ಅಂತ ಜಗಳ ಆಡಲೇಬೇಕು. ಆ ಜಗಳದಲ್ಲಿ ಆಲ್ಬಮ್ ಹದವಾಗುತ್ತಿತ್ತು. ಸಿಡಿಯಲ್ಲಿ 74 ನಿಮಿಷ ಬಂತು, ಬಿಡುವ ಕಷ್ಟ ಹೋಯಿತು. 90ರ ದಶಕದ ಎಷ್ಟೋ ಆಲ್ಬಮ್‌ಗಳಲ್ಲಿ ಕೊನೆಯ ನಾಲ್ಕು ಹಾಡು ಸುಮ್ನೆ ಜಾಗ ತುಂಬಿಸಿದ ಹಾಗಿದೆ. ನಿಮಗೆ ಇಷ್ಟವಾಗದ ಆಲ್ಬಮ್‌ನಿಂದ ಒಳ್ಳೆಯ ಒಂಬತ್ತು ಹಾಡು ಆರಿಸಿ, ನಿಮ್ಮದೇ ಕ್ರಮದಲ್ಲಿ ಹಾಕಿಕೊಂಡು ಕೇಳಿ ನೋಡಿ. ಕೆಲವು ಸಲ ಒಳಗೆ ಒಂದು ಒಳ್ಳೆಯ ಆಲ್ಬಮ್ ಅಡಗಿ ಕೂತಿರುತ್ತದೆ.

ಇನ್ನೊಂದು ಕಾರಣ ಅವಸರ. ಯೂಟೂ ಬ್ಯಾಂಡಿನ ‘ಪಾಪ್’ ಬಂದಿದ್ದು 1997ರ ಮಾರ್ಚ್‌ನಲ್ಲಿ. ಆಲ್ಬಮ್ ಮುಗಿಯುವ ಮೊದಲೇ ಪ್ರಪಂಚ ಸುತ್ತುವ ಪ್ರವಾಸಕ್ಕೆ ದಿನಾಂಕ ಗೊತ್ತುಮಾಡಿಬಿಟ್ಟಿದ್ದರು. ಏಪ್ರಿಲ್ 25ಕ್ಕೆ ಲಾಸ್ ವೇಗಸ್‌ನಲ್ಲಿ ಮೊದಲ ಪ್ರದರ್ಶನ, ಬೃಹತ್ ವೇದಿಕೆ, ಹಿಂದೆ ಸರಿಯುವ ಹಾಗೇ ಇಲ್ಲ. ಹಾಡುಗಳು ಅರೆಬೆಂದ ಹಾಗೆ ಕೇಳುತ್ತವೆ ಅಂತ ಅಭಿಮಾನಿಗಳು ಹೇಳಿದರು. ಬ್ಯಾಂಡಿನವರೂ ಆಮೇಲೆ ಅದನ್ನೇ ಹೇಳಿದರು. 2002ರ ಅವರ ಸಂಕಲನದಲ್ಲಿ ‘ಪಾಪ್’ನ ಮೂರು ಹಾಡುಗಳನ್ನು ಹೊಸದಾಗಿ ಮಿಕ್ಸ್ ಮಾಡಿ ಹಾಕಿದರು.

ಅವಸರದ ಎದುರು ತುದಿಯೂ ಇದೆ. ಗನ್ಸ್ ಎನ್ ರೋಸಸ್‌ನ ‘ಚೈನೀಸ್ ಡೆಮಾಕ್ರಸಿ’ 2008ರ ನವೆಂಬರ್‌ನಲ್ಲಿ ಬಂತು, ಸ್ವಂತ ಹಾಡುಗಳ ಹಿಂದಿನ ಆಲ್ಬಮ್ ಬಂದಿದ್ದು 1991ರಲ್ಲಿ. 17 ವರ್ಷ! ಹಳೆಯ ಗಿಟಾರ್ ವಾದಕ ಸ್ಲ್ಯಾಶ್ ಇಲ್ಲ, ಬೇಸ್ ನುಡಿಸುತ್ತಿದ್ದ ಡಫ್ ಮೆಕೇಗನ್ ಇಲ್ಲ. ಅದು ಕೆಟ್ಟ ಆಲ್ಬಮ್ ಅಲ್ಲ. ಆದರೆ ಅಷ್ಟು ವರ್ಷದ ಕಾಯುವಿಕೆಗೆ ಸರಿತೂಗುವ 14 ಹಾಡುಗಳನ್ನು ಯಾರೂ ಬರೆಯಲು ಸಾಧ್ಯವಿಲ್ಲ.

ಇಲ್ಲಿಯವರೆಗೆ ಬ್ಯಾಂಡ್‌ಗಳ ಕಡೆ ನೋಡಿದೆವು. ಈಗ ನಮ್ಮ ಕಡೆಗೂ ನೋಡಬೇಕು, ಇದು ಸ್ವಲ್ಪ ಕಷ್ಟದ ಭಾಗ. 1989ರಲ್ಲಿ ಮೋರಿಸ್ ಹೋಲ್‌ಬ್ರೂಕ್ ಮತ್ತು ರಾಬರ್ಟ್ ಶಿಂಡ್ಲರ್ ಎಂಬ ಇಬ್ಬರು ಸಂಶೋಧಕರು ಬೇರೆ ಬೇರೆ ವಯಸ್ಸಿನವರಿಗೆ ಬೇರೆ ಬೇರೆ ಕಾಲದ ಜನಪ್ರಿಯ ಹಾಡುಗಳ ತುಣುಕು ಕೇಳಿಸಿ, ಎಷ್ಟು ಇಷ್ಟವಾಯಿತು ಅಂತ ಕೇಳಿದರು. ಜನರಿಗೆ ಹೆಚ್ಚು ಇಷ್ಟವಾಗಿದ್ದು ತಮಗೆ ಸುಮಾರು 24 ವರ್ಷ ಆಗಿದ್ದಾಗ ಬಂದ ಹಾಡುಗಳು. ಅದಕ್ಕಿಂತ ಹಿಂದಿನದು, ಮುಂದಿನದು ಎರಡೂ ಕಡೆ ಇಷ್ಟ ಇಳಿಯುತ್ತಾ ಹೋಗಿತ್ತು. ಅಂದರೆ ಹದಿನೆಂಟರಲ್ಲೋ ಇಪ್ಪತ್ತರಲ್ಲೋ ಹಿಡಿದ ಬ್ಯಾಂಡಿನ ಆಲ್ಬಮ್ಮನ್ನು ನಲವತ್ತರಲ್ಲಿ ಕೇಳುವಾಗ, ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಹಳೆಯ ಆಲ್ಬಮ್ ಮಾತ್ರ ಇರುವುದಿಲ್ಲ. ಆಗಿನ ಗೆಳೆಯರು, ಆಗಿನ ರಾತ್ರಿಗಳು, ಆಗಿನ ನಾವು, ಎಲ್ಲ ಅಲ್ಲಿ ಕೂತಿರುತ್ತಾರೆ. ಯಾವ ಹೊಸ ಹಾಡು ಇದರ ಎದುರು ತೂಗುತ್ತದೆ ಹೇಳಿ.

ಆದ್ದರಿಂದ ಬೇಸರವಾದಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದು: ಇದೇ ಆಲ್ಬಮ್ಮನ್ನು ಹೆಸರೇ ಕೇಳದ ಹೊಸ ಬ್ಯಾಂಡೊಂದು ತಂದಿದ್ದರೆ ನನಗೆ ಹೇಗೆ ಅನ್ನಿಸುತ್ತಿತ್ತು? ಆಗಲೂ ಹಿಡಿಸುತ್ತಿರಲಿಲ್ಲ ಅಂದರೆ ಹಾಡುಗಳಲ್ಲೇ ಕೊರತೆ ಇದೆ. ಆಗ ಇಷ್ಟವಾಗುತ್ತಿತ್ತು ಅಂದರೆ ನನಗೆ ಬೇಕಿದ್ದದ್ದು ಬೇರೆ, ಅವರು ಕೊಟ್ಟದ್ದು ಬೇರೆ. ಎರಡೂ ನಿಜವಾದ ಬೇಸರಗಳೇ. ಆದರೆ ಎರಡನೆಯದನ್ನು ಮೊದಲನೆಯದರ ಹಾಗೆ ಹೇಳಿದರೆ ಅನ್ಯಾಯವಾಗುತ್ತದೆ.

ರೇಡಿಯೊಹೆಡ್‌ನ ‘ಕಿಡ್ ಎ’ಗೆ ಆಗಿದ್ದು ಹೀಗೆಯೇ. 1997ರಲ್ಲಿ ‘ಓಕೆ ಕಂಪ್ಯೂಟರ್’ ಬಂದ ಮೇಲೆ ಎಲ್ಲರೂ ಇನ್ನೊಂದು ದೊಡ್ಡ ಗಿಟಾರ್ ಆಲ್ಬಮ್‌ಗೆ ಕಾದಿದ್ದರು. 2000ದ ಅಕ್ಟೋಬರ್‌ನಲ್ಲಿ ಬಂದಿದ್ದು ಎಲೆಕ್ಟ್ರಾನಿಕ್ ಸದ್ದು, ಮುರಿದು ಜೋಡಿಸಿದ ದನಿ, ಗಿಟಾರ್ ಅಲ್ಲೊಂದು ಇಲ್ಲೊಂದು. ಸಿಂಗಲ್, ಅಂದರೆ ಬೇರೆಯಾಗಿ ಬಿಡುಗಡೆ ಮಾಡುವ ಒಂದು ಹಾಡು ಕೂಡ ಬಿಡಲಿಲ್ಲ. ಗಿಟಾರ್ ಎಲ್ಲಿ ಅಂತ ಕೇಳಿದವರ ಬೇಸರ ನನಗೆ ಅರ್ಥವಾಗುತ್ತದೆ, ಅದು ಸುಳ್ಳಲ್ಲ. ಆದರೆ ‘ಇವರಿಗೆ ಹಾಡು ಬರೆಯುವುದು ಮರೆತುಹೋಗಿದೆ’ ಅಂದವರು ಆಲ್ಬಮ್ಮನ್ನು ಕೇಳಿರಲೇ ಇಲ್ಲ, ಅಲ್ಲಿ ಇಲ್ಲದ್ದನ್ನು ಮಾತ್ರ ಕೇಳಿದ್ದರು.

ಫ್ಲೀಟ್‌ವುಡ್ ಮ್ಯಾಕ್‌ನ ‘ಟಸ್ಕ್’ ಕೂಡ ಇದೇ ಸಾಲಿನದು. 1977ರ ‘ರೂಮರ್ಸ್’ ಆಕಾಶ ಮುಟ್ಟಿದ ಮೇಲೆ 1979ರಲ್ಲಿ ಹತ್ತು ಲಕ್ಷ ಡಾಲರ್‌ಗೂ ಹೆಚ್ಚು ಖರ್ಚು ಮಾಡಿ 20 ಹಾಡುಗಳ ಜೋಡಿ ಆಲ್ಬಮ್ ತಂದರು. ಅದೇ ಸೂತ್ರ ಮತ್ತೆ ಬೇಡ ಅಂತ ಬ್ಯಾಂಡಿನ ಗಿಟಾರ್ ವಾದಕ ಲಿಂಡ್ಸೆ ಬಕಿಂಗ್‌ಹ್ಯಾಮ್ ಹಟ ಹಿಡಿದಿದ್ದರು. ‘ರೂಮರ್ಸ್’ ಮಾರಾಟದ ಹತ್ತಿರಕ್ಕೂ ಹೋಗಲಿಲ್ಲ. ಇವತ್ತು ಅದನ್ನೇ ಹೆಚ್ಚು ಇಷ್ಟಪಡುವವರಿದ್ದಾರೆ, ನಾನೂ ಅವರಲ್ಲಿ ಒಬ್ಬ.

ನಮ್ಮ ಬೇಸರ ಬ್ಯಾಂಡಿಗೆ ಏನು ಮಾಡುತ್ತದೆ? ಇದಕ್ಕೆ ವೀಜರ್ ಬ್ಯಾಂಡಿನ ಕಥೆ ಹೇಳಲೇಬೇಕು. 1994ರ ಅವರ ಮೊದಲ ಆಲ್ಬಮ್ ಚುರುಕಾದ, ಖುಷಿಯ ಹಾಡುಗಳದು. 1996ರ ಸೆಪ್ಟೆಂಬರ್‌ನಲ್ಲಿ ‘ಪಿಂಕರ್ಟನ್’ ಬಂತು. ಗಾಯಕ ರಿವರ್ಸ್ ಕ್ವೋಮೊ ಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಹಾರ್ವರ್ಡ್‌ನಲ್ಲಿ ಓದುತ್ತಾ ಒಂಟಿಯಾಗಿದ್ದ ಕಾಲದ ಹಾಡುಗಳು. ಒರಟು ಸದ್ದು, ಒಳಗಿನದ್ದನ್ನೆಲ್ಲ ಬಿಚ್ಚಿಟ್ಟ ಮಾತು. ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಓದುಗರು ಅದನ್ನು ಆ ವರ್ಷದ ಅತಿ ಕೆಟ್ಟ ಆಲ್ಬಮ್‌ಗಳಲ್ಲಿ ಮೂರನೆಯದಾಗಿ ಆರಿಸಿದರು. 2002ರಲ್ಲಿ ಅದೇ ಪತ್ರಿಕೆಯ ಓದುಗರು ಸಾರ್ವಕಾಲಿಕ ಶ್ರೇಷ್ಠ ಆಲ್ಬಮ್‌ಗಳ ಪಟ್ಟಿಯಲ್ಲಿ ಅದಕ್ಕೆ 16ನೇ ಸ್ಥಾನ ಕೊಟ್ಟರು.

ಕಥೆಯ ಈ ಭಾಗವನ್ನು ಎಲ್ಲರೂ ಹೇಳುತ್ತಾರೆ, ಕೇಳಲು ಚೆನ್ನಾಗಿದೆ. ನನ್ನನ್ನು ಕಾಡುವುದು ನಡುವಿನ ಐದು ವರ್ಷ. ಅಷ್ಟು ಬಿಚ್ಚಿಟ್ಟು ಬರೆದದ್ದಕ್ಕೆ ನಗೆಪಾಟಲು ಆದ ಮೇಲೆ ಕ್ವೋಮೊ ಮುಚ್ಚಿಕೊಂಡರು. ತನ್ನದೇ ಆಲ್ಬಮ್ಮನ್ನು ತಾನೇ ಹೀಗಳೆದರು. 2001ರಲ್ಲಿ ಬಂದ ಮುಂದಿನ ಆಲ್ಬಮ್ 28 ನಿಮಿಷದ್ದು, ಅಚ್ಚುಕಟ್ಟು, ನುಣುಪು, ಎಲ್ಲೂ ಕೈಸುಡದ ಹಾಡುಗಳು. ‘ಪಿಂಕರ್ಟನ್’ನಂಥದ್ದು ಮತ್ತೆ ಬರಲಿ ಅಂತ ಅಭಿಮಾನಿಗಳು ಕೇಳುತ್ತಲೇ ಇದ್ದಾರೆ. ಮೊದಲ ಸಲ ಬಂದಾಗ ಹಾಗೆ ನಡೆದುಕೊಂಡರೆ ಮತ್ತೆ ಹೇಗೆ ಬಂದೀತು?

ಇದಕ್ಕಿಂತ ಭಾರವಾದದ್ದು ಲಿಂಕಿನ್ ಪಾರ್ಕ್‌ನದು. 2017ರ ಮೇ 19ರಂದು ‘ಒನ್ ಮೋರ್ ಲೈಟ್’ ಬಂತು. 10 ಹಾಡು, 35 ನಿಮಿಷ. ಅರಚಾಟವಿಲ್ಲ, ಭಾರದ ಗಿಟಾರ್ ಇಲ್ಲ, ಮೆದುವಾದ ಪಾಪ್. 2000ದ ಅವರ ಮೊದಲ ಆಲ್ಬಮ್ ‘ಹೈಬ್ರಿಡ್ ಥಿಯರಿ’ ಕೇಳಿಕೊಂಡು ಬೆಳೆದ ಒಂದು ಪೀಳಿಗೆಗೆ ಸಹಜವಾಗಿ ಆಘಾತ. ಬೇಸರ ಅಷ್ಟಕ್ಕೇ ನಿಂತಿದ್ದರೆ ಸರಿ ಇತ್ತು. ದುಡ್ಡಿಗಾಗಿ ತಮ್ಮನ್ನು ಮಾರಿಕೊಂಡರು ಅನ್ನುವ ಮಾತು ಬಂತು. ಗಾಯಕ ಚೆಸ್ಟರ್ ಬೆನ್ನಿಂಗ್ಟನ್ ಸಂದರ್ಶನಗಳಲ್ಲಿ ಅದಕ್ಕೆ ಸಿಟ್ಟಿನಿಂದಲೇ ಉತ್ತರ ಕೊಟ್ಟರು. ಆಲ್ಬಮ್‌ಗೆ ಹೆಸರು ಕೊಟ್ಟ ಹಾಡು ಹುಟ್ಟಿದ್ದು ರೆಕಾರ್ಡ್ ಕಂಪನಿಯಲ್ಲಿದ್ದ ಬ್ಯಾಂಡಿನವರ ಗೆಳತಿಯೊಬ್ಬರು ಕ್ಯಾನ್ಸರ್‌ನಿಂದ ತೀರಿಕೊಂಡ ದುಃಖದಲ್ಲಿ. ಅದನ್ನು ದುಡ್ಡಿನ ಲೆಕ್ಕ ಅಂದರೆ ಯಾರಿಗಾದರೂ ಉರಿಯುತ್ತದೆ. ಜುಲೈ 20ರಂದು ಚೆಸ್ಟರ್ ತೀರಿಕೊಂಡರು.

ಟೀಕೆಗೂ ಆ ಸಾವಿಗೂ ಗಂಟು ಹಾಕುವುದು ತಪ್ಪು. ಖಿನ್ನತೆ, ಚಟಗಳ ಜೊತೆಗಿನ ತಮ್ಮ ಹೋರಾಟದ ಬಗ್ಗೆ ಅವರು ವರ್ಷಗಳಿಂದ ಮುಚ್ಚುಮರೆ ಇಲ್ಲದೆ ಮಾತಾಡಿದ್ದರು, ಅದರ ಕಥೆ ಬಹಳ ಹಿಂದಿನದು. ನಾನು ಹೇಳುವುದು ಬೇರೆ. ಆ ಆಲ್ಬಮ್‌ನ ಅರ್ಧ ಹಾಡುಗಳು ನನಗೆ ಇವತ್ತಿಗೂ ತೆಳುವಾಗಿಯೇ ಕೇಳುತ್ತವೆ, ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಸದ್ದು ತೀರಾ ನಯ, ಚೆಸ್ಟರ್ ಅವರ ದನಿಯ ಒರಟನ್ನೆಲ್ಲ ಉಜ್ಜಿ ತೆಗೆದಿದ್ದಾರೆ. ಸಾವಿನ ಗೌರವಕ್ಕೆ ಅಂತ ಈ ಮಾತನ್ನು ಹಿಂದೆಗೆದುಕೊಳ್ಳಬೇಕಿಲ್ಲ. ಹಿಂದೆಗೆದುಕೊಳ್ಳಬೇಕಾದದ್ದು ಉದ್ದೇಶದ ಬಗ್ಗೆ ಆಡಿದ ಮಾತುಗಳು. ಹಾಡಿನಲ್ಲಿ ಏನಿದೆ ಅಂತ ನಮಗೆ ಕೇಳಿಸುತ್ತದೆ, ಹಾಡಿದವರ ಎದೆಯಲ್ಲಿ ಏನಿತ್ತು ಅಂತ ಕೇಳಿಸುವುದಿಲ್ಲ.

ಈಗ ಪ್ರಶ್ನೆಗಳು. ಮೊದಲನೆಯದು ಒಬ್ಬ ಕಾಲೇಜು ಹುಡುಗಿಯದು: ಒಂದು ಆಲ್ಬಮ್ ಇಷ್ಟವಿಲ್ಲ ಅಂತ ತೀರ್ಮಾನಿಸುವ ಮೊದಲು ಎಷ್ಟು ಸಲ ಕೇಳಬೇಕು?

ಇದಕ್ಕೆ ಸಂಖ್ಯೆ ಹೇಳಲಾರೆ. 1968ರಲ್ಲಿ ರಾಬರ್ಟ್ ಝಯೋನ್ಸ್ ಎಂಬ ಮನಃಶಾಸ್ತ್ರಜ್ಞರು ಒಂದು ಸಂಗತಿ ತೋರಿಸಿದರು: ಯಾವುದೇ ವಸ್ತು, ಚಿಹ್ನೆ, ಪದ ಮತ್ತೆ ಮತ್ತೆ ಕಣ್ಣಿಗೆ ಬಿದ್ದರೆ ಸಾಕು, ಜನರಿಗೆ ಅದು ಹೆಚ್ಚು ಇಷ್ಟವಾಗತೊಡಗುತ್ತದೆ. ಸಂಗೀತಕ್ಕೂ ಇದು ಬಹಳ ಮಟ್ಟಿಗೆ ಹೊಂದುತ್ತದೆ, ನಿಮ್ಮ ಮೆಚ್ಚಿನ ಹಳೆಯ ಹಾಡಿನ ಹಿಂದೆ ನೂರಾರು ಸಲ ಕೇಳಿದ ಬಲ ಇದೆ, ಹೊಸದಕ್ಕೆ ಅದಿಲ್ಲ. ಆದರೆ ಮೊದಲ ಸಲವೇ ತೀರಾ ಕಿರಿಕಿರಿಯಾದದ್ದು ಮತ್ತೆ ಮತ್ತೆ ಕೇಳಿದರೆ ಕಿರಿಕಿರಿ ಹೆಚ್ಚಾಗುವುದೂ ಉಂಟು, ಹಾಗಾಗಿ ಶಿಕ್ಷೆಯ ಹಾಗೆ ಕೇಳಬೇಡಿ. ನಾನು ಮಾಡುವುದು ಇಷ್ಟು: ಮೊದಲ ದಿನ ಕೇಳಿ ಬಿಡುತ್ತೇನೆ, ಯಾರಿಗೂ ಏನೂ ಹೇಳುವುದಿಲ್ಲ. ಕೆಲವು ವಾರ ಕಳೆದ ಮೇಲೆ ಬೇರೆ ಕೆಲಸ ಮಾಡುವಾಗ ಯಾವ ಹಾಡು ತಾನಾಗಿ ಬಾಯಿಗೆ ಬರುತ್ತದೆ ಅಂತ ನೋಡುತ್ತೇನೆ. ಬಂದರೆ ಅದರಿಂದ ಮತ್ತೆ ಶುರು. ಯಾವುದೂ ಬರಲಿಲ್ಲ ಅಂದರೆ ಅದೂ ಒಂದು ಉತ್ತರ. 2015ರ ಜುಲೈನಿಂದ ಹೊಸ ಆಲ್ಬಮ್‌ಗಳು ಹೆಚ್ಚಿನ ದೇಶಗಳಲ್ಲಿ ಶುಕ್ರವಾರವೇ ಒಟ್ಟಿಗೆ ಬರುತ್ತವೆ, ಶುಕ್ರವಾರ ಮಧ್ಯಾಹ್ನದೊಳಗೆ ತೀರ್ಪೂ ಬಂದಿರುತ್ತದೆ. ಆ ಗುಂಪಿನಲ್ಲಿ ಓಡಲೇಬೇಕು ಅಂತ ಏನೂ ಇಲ್ಲ.

ಎರಡನೇ ಪ್ರಶ್ನೆ ಕೇಳಿದವರು ಸ್ವಲ್ಪ ನೊಂದುಕೊಂಡೇ ಕೇಳಿದರು: ಮೂರು ಆಲ್ಬಮ್‌ನಿಂದ ನಿರಾಸೆ, ಈ ಬ್ಯಾಂಡನ್ನು ಬಿಟ್ಟುಬಿಟ್ಟರೆ ತಪ್ಪಾ?

ಖಂಡಿತ ತಪ್ಪಲ್ಲ. ಅಭಿಮಾನ ಅಂದರೆ ಜೀವನಪೂರ್ತಿಯ ಒಪ್ಪಂದವಲ್ಲ. ಹಳೆಯ ಹಾಡುಗಳು ನಿಮ್ಮವೇ, ಅವನ್ನು ಯಾರೂ ವಾಪಸ್ ಕೇಳುವುದಿಲ್ಲ. ಹೋಗುವಾಗ ಉಳಿದವರ ಖುಷಿಗೆ ಕಲ್ಲು ಹಾಕದಿದ್ದರೆ ಸಾಕು. ಸ್ವೀಡನ್ನಿನ ಓಪೆತ್ ಬ್ಯಾಂಡ್ ಗೊತ್ತಲ್ಲ, ಗಾಯಕ ಮಿಕಾಯೆಲ್ ಓಕರ್‌ಫೆಲ್ಟ್ ಅವರ ಗಂಟಲಾಳದ ಗುಡುಗು ದನಿಗೇ ಹೆಸರಾದದ್ದು. 2011ರ ‘ಹೆರಿಟೇಜ್’ನಲ್ಲಿ ಆ ದನಿ ಪೂರ್ತಿ ಮಾಯವಾಯಿತು, 70ರ ದಶಕದ ಪ್ರೋಗ್ರೆಸಿವ್ ರಾಕ್ ಕಡೆ ತಿರುಗಿದರು. ತುಂಬ ಜನ ಅಲ್ಲೇ ಇಳಿದುಹೋದರು. ನಾನು ಉಳಿದೆ, ಅದೂ ಎಲ್ಲ ಆಲ್ಬಮ್ ಹಿಡಿಸಿತು ಅಂತಲ್ಲ, 2019ರದ್ದು ತುಂಬ ಹಿಡಿಸಿತು, 2016ರದ್ದು ಈಗಲೂ ನನಗೆ ಒಗ್ಗಿಲ್ಲ. 2024ರ ಕೊನೆಗೆ ಬಂದ ಆಲ್ಬಮ್‌ನಲ್ಲಿ ಆ ಗುಡುಗು ದನಿ ಮತ್ತೆ ಬಂತು. ಬಿಟ್ಟುಹೋದವರಲ್ಲಿ ಎಷ್ಟೋ ಜನ ಅದನ್ನು ಕೇಳಲು ವಾಪಸ್ ಬಂದರು, ಇಷ್ಟು ದಿನ ಎಲ್ಲಿದ್ದಿರಿ ಅಂತ ಅವರನ್ನು ಯಾರೂ ಕೇಳಬೇಕಿಲ್ಲ. ಬಂದವರಿಗೆ ನಾನು ಹೇಳುವುದು, ನಡುವಿನ ನಾಲ್ಕು ಆಲ್ಬಮ್‌ಗಳಲ್ಲಿ 2019ರದ್ದನ್ನು ಒಮ್ಮೆ ಕೇಳಿ, ಅದು ಸ್ವೀಡಿಷ್, ಇಂಗ್ಲಿಷ್ ಎರಡರಲ್ಲೂ ಇದೆ, ಸ್ವೀಡಿಷ್ ರೂಪದಿಂದಲೇ ಶುರು ಮಾಡಿ.